ಜಪಾನಿನ ಗ್ರೀನ್ ಟೀ: ಯಾವ ಎಲೆಗೆ ಯಾವ ರುಚಿ, ನಿಮಗೆ ಯಾವುದು ಒಗ್ಗುತ್ತದೆ

ಜಪಾನಿನ ಗ್ರೀನ್ ಟೀ ಕೊಳ್ಳೋಣ ಅಂತ ಹೊರಟರೆ ಹೆಸರುಗಳೇ ಹೆದರಿಸುತ್ತವೆ. ಸೆಂಚಾ, ಗ್ಯೊಕುರೊ, ಕಬುಸೆಚಾ, ಹೊಜಿಚಾ, ಗೆನ್‌ಮೈಚಾ, ಮಾಚಾ. ಪ್ಯಾಕೆಟ್ ಮೇಲೆ ಬರೆದಿರುವುದು ಮಾತ್ರ ಎಲ್ಲದಕ್ಕೂ ಒಂದೇ: ತಾಜಾ ರುಚಿ, ಹಿತವಾದ ಪರಿಮಳ. ಇದರಿಂದ ಏನು ಗೊತ್ತಾಗಬೇಕು ಹೇಳಿ?

ಇವೆಲ್ಲ ಒಂದೇ ಜಾತಿಯ ಗಿಡದ ಎಲೆ. ರುಚಿ ಬೇರೆಯಾಗುವುದು ಮುಖ್ಯವಾಗಿ ಮೂರು ಕಡೆ. ಕೊಯ್ಯುವ ಮೊದಲು ಗಿಡಕ್ಕೆ ಬಿಸಿಲು ಎಷ್ಟು ಬಿತ್ತು, ಕೊಯ್ದ ಎಲೆಗೆ ಎಷ್ಟು ಹೊತ್ತು ಹಬೆ ಕೊಟ್ಟರು, ಕೊನೆಗೆ ಎಷ್ಟು ಹುರಿದರು. ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಕುಡಿಯುವ ಮೊದಲೇ ರುಚಿಯ ಅಂದಾಜು ಸಿಗುತ್ತದೆ. ಬೆಲೆ ನೋಡಿದರೆ ಸಿಗುವುದಿಲ್ಲ. ದುಬಾರಿ ಗ್ಯೊಕುರೊ ತಂದು ಮೊದಲ ಗುಟುಕಿಗೇ ಮುಖ ಸಿಂಡರಿಸಿ ಡಬ್ಬ ಮೂಲೆಗೆ ಸೇರಿಸಿದವರು ಬೇಕಾದಷ್ಟು ಜನ ಇದ್ದಾರೆ. ಚಹಾದ ತಪ್ಪೇನಿಲ್ಲ. ಅವರ ನಾಲಿಗೆ ಕೇಳುತ್ತಿದ್ದದ್ದು ಬೇರೆ ರುಚಿ, ಅಷ್ಟೇ.

ಬಿಸಿಲಿನ ಎಲೆ, ನೆರಳಿನ ಎಲೆ

ಚಹಾ ಗಿಡ ಬೇರಿನಲ್ಲಿ ಥಿಯನೈನ್ ಎಂಬ ಅಮೈನೊ ಆಮ್ಲವನ್ನು ತಯಾರಿಸಿ ಎಲೆಗೆ ಕಳಿಸುತ್ತದೆ. ಎಲೆಗೆ ಬಿಸಿಲು ಬಿದ್ದಷ್ಟೂ ಥಿಯನೈನ್ ಕಡಿಮೆಯಾಗಿ ಕ್ಯಾಟೆಚಿನ್‌ಗಳು ಜಾಸ್ತಿಯಾಗುತ್ತವೆ. ಥಿಯನೈನ್ ಕೊಡುವುದು ಸಿಹಿ ಮತ್ತು ಉಮಾಮಿ. ಕ್ಯಾಟೆಚಿನ್ ಕೊಡುವುದು ಒಗರು. ಕಹಿಗೆ ಕ್ಯಾಟೆಚಿನ್ ಜೊತೆ ಕೆಫೀನ್ ಕೂಡ ಸೇರಿಕೊಳ್ಳುತ್ತದೆ. ಹಾಗಾಗಿ ತೋಟದ ಮೇಲೆ ಪರದೆ ಕಟ್ಟಿದರಾ ಇಲ್ಲವಾ ಅನ್ನುವುದರ ಮೇಲೆಯೇ ಅರ್ಧ ರುಚಿ ನಿಂತಿದೆ.

ಉಮಾಮಿ ಅನ್ನುವ ಹೆಸರು ಬಂದದ್ದು 1908ರಲ್ಲಿ. ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ ಕೊಂಬು ಎಂಬ ಕಡಲಕಳೆಯಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಹಾಗೆ ಹೆಸರಿಟ್ಟರು. ಹಣ್ಣಾದ ಟೊಮೆಟೊ ಬೆಂದಾಗ, ಅಣಬೆ ಬಾಡಿಸಿದಾಗ ಬಾಯಲ್ಲಿ ನೀರೂರಿ ರುಚಿ ನಾಲಿಗೆ ತುಂಬಾ ನಿಲ್ಲುತ್ತದಲ್ಲ, ಅದೇ ಇದು. ವಿಚಿತ್ರ ನೋಡಿ, ಅದೇ 1908ರಲ್ಲಿ ಶಿಜುವೊಕಾದಲ್ಲಿ ಹಿಕೊಸಾಬುರೊ ಸುಗಿಯಾಮಾ ಎಂಬುವರು ಯಬುಕಿತಾ ಎಂಬ ಚಹಾ ತಳಿಯನ್ನು ಆರಿಸಿ ಬೇರ್ಪಡಿಸಿದರು. ಇವತ್ತು ಜಪಾನಿನ ತೋಟಗಳಲ್ಲಿ ದೊಡ್ಡ ಪಾಲು ಈ ತಳಿಯದ್ದೇ. ಪ್ಯಾಕೆಟ್ ಮೇಲೆ ತಳಿಯ ಹೆಸರು ಇಲ್ಲದಿದ್ದರೆ ಒಳಗಿರುವುದು ಹೆಚ್ಚಾಗಿ ಇದೇ ಅಥವಾ ಇದು ಬೆರೆತದ್ದು ಅಂದುಕೊಳ್ಳಿ. ಸಿಹಿ, ಒಗರು ಎರಡೂ ಹದವಾಗಿರುವ ತಳಿ. ಹೆಚ್ಚು ಸಿಹಿ ಬೇಕಾದವರು ಸಾಎಮಿದೊರಿ ಅಥವಾ ಅಸಾತ್ಸುಯು ಎಂದು ಬರೆದಿರುವುದನ್ನು ಹುಡುಕಬಹುದು.

ಸೆಂಚಾ ಬಿಸಿಲಿನ ಎಲೆ. ಜಪಾನಿನ ಮನೆಗಳಲ್ಲಿ ಹೆಚ್ಚಾಗಿ ಕುಡಿಯುವ ಎಲೆ ಚಹಾ ಇದೇ. ಒಳ್ಳೆಯ ಸೆಂಚಾದಲ್ಲಿ ಮೊದಲು ಆಗ ತಾನೆ ಕೊಯ್ದ ಹುಲ್ಲಿನ ವಾಸನೆ, ಆಮೇಲೆ ತೆಳು ಸಿಹಿ, ನುಂಗುವಾಗ ಚುರುಕಾದ ಒಗರು. ಈ ಒಗರೇ ಬಾಯನ್ನು ಚೊಕ್ಕಟ ಮಾಡುತ್ತದೆ. ಒಗರೇ ಇಲ್ಲದ ಸೆಂಚಾ ಸಪ್ಪೆ. ಒಗರು ನಿಮಗೆ ಸುತರಾಂ ಆಗದು ಅಂದರೆ ಸೆಂಚಾ ಬಿಟ್ಟು ಮುಂದಿನದಕ್ಕೆ ಹೋಗಿ.

ಗ್ಯೊಕುರೊ ಪೂರಾ ನೆರಳಿನ ಎಲೆ. ಕೊಯ್ಲಿಗೆ ಸುಮಾರು 20 ದಿನ ಮೊದಲೇ ತೋಟದ ಮೇಲೆ ಹೊದಿಕೆ ಹಾಕುತ್ತಾರೆ. ಹಿಂದೆಲ್ಲ ಹುಲ್ಲು, ಜೊಂಡಿನ ಚಾಪೆ. ಈಗ ಹೆಚ್ಚಿನ ಕಡೆ ಕಪ್ಪು ಬಲೆ. ಫುಕುವೊಕಾದ ಯಾಮೆಯಲ್ಲಿ ಹುಲ್ಲಿನ ಹೊದಿಕೆಯನ್ನೇ ಉಳಿಸಿಕೊಂಡಿರುವ ಸಾಂಪ್ರದಾಯಿಕ ಗ್ಯೊಕುರೊಗೆ 2015ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನೆರಳಿನಲ್ಲಿ ಬೆಳೆದ ಎಲೆ ಕಡು ಹಸಿರು. ಅದಕ್ಕೆ ಬಿಸಿಲಿನ ಎಲೆಯಲ್ಲಿಲ್ಲದ ಒಂದು ವಾಸನೆ ಇರುತ್ತದೆ. ಜಪಾನೀಯರು ಇದನ್ನು ಓಯಿಕಾ ಅನ್ನುತ್ತಾರೆ, ಅಂದರೆ ಹೊದಿಕೆಯ ಪರಿಮಳ. ಸುಶಿಗೆ ಸುತ್ತುವ ನೊರಿ ಎಂಬ ಕಡಲಕಳೆ ಹಾಳೆಯ ವಾಸನೆ ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ. ಎರಡಕ್ಕೂ ಕಾರಣ ಡೈಮಿಥೈಲ್ ಸಲ್ಫೈಡ್ ಎಂಬ ಒಂದೇ ವಸ್ತು.

ಗ್ಯೊಕುರೊ ಕುಡಿಯುವ ಬಗೆ ಬೇರೆ. ಪುಟ್ಟ ಪಾತ್ರೆಗೆ 5ರಿಂದ 6 ಗ್ರಾಂ ಎಲೆ ಹಾಕಿ. 50ರಿಂದ 60 ಡಿಗ್ರಿ ಬಿಸಿಯ ನೀರು ಬರೀ 60 ಮಿಲಿ. ಎರಡು ನಿಮಿಷ ಅಲ್ಲಾಡಿಸದೆ ಬಿಡಿ. ಎಲೆಯೇ ಅರ್ಧ ನೀರು ಹೀರಿಕೊಂಡಿರುತ್ತದೆ. ಕೊನೆಯ ಹನಿವರೆಗೂ ಬಗ್ಗಿಸಿದರೂ ಸಿಗುವುದು ಎರಡು ಮೂರು ಗುಟುಕು. ಬಣ್ಣ ತಿಳಿ ಹಳದಿ ಹಸಿರು, ನೋಡಲು ತೆಳು. ಆದರೆ ನಾಲಿಗೆ ಮೇಲೆ ಬಿಟ್ಟರೆ ಜಿಡ್ಡಿನಂತೆ ಮಂದ. ಮೊದಲು ಉಪ್ಪೇನೋ ಅನಿಸುತ್ತದೆ, ಉಪ್ಪಲ್ಲ. ಆಮೇಲೆ ಸಿಹಿ. ನುಂಗಿ ಒಂದು ನಿಮಿಷವಾದರೂ ರುಚಿ ಬಾಯಲ್ಲೇ ಇರುತ್ತದೆ. ಎರಡನೇ ಸಲ ಸ್ವಲ್ಪ ಜಾಸ್ತಿ ಬಿಸಿ ನೀರು ಹಾಕಿದರೆ ಒಗರು ತಲೆ ಎತ್ತುತ್ತದೆ. ಮೂರನೇ ಸಲ ಇನ್ನೂ ಬಿಸಿ. ಕೊನೆಗೆ ಉಳಿದ ಮೆತ್ತನೆ ಎಲೆಯನ್ನು ಯಾಮೆ ಕಡೆ ಹುಳಿ ಬೆರೆತ ಸೋಯಾ ಸಾಸ್ ಹಾಕಿಕೊಂಡು ತಿಂದುಬಿಡುತ್ತಾರೆ. ಇಷ್ಟು ಬೆಲೆಯ ಎಲೆಯನ್ನು ಬಿಸಾಡುವುದಕ್ಕೆ ಯಾರಿಗೆ ಮನಸ್ಸು ಬಂದೀತು?

ಈ ರುಚಿ ಕೆಲವರಿಗೆ ಮೊದಲ ದಿನವೇ ಹಿಡಿಸುತ್ತದೆ. ಕೆಲವರಿಗೆ ಸಾರು ಕುಡಿದಂತಾಗಿ ಎಂದಿಗೂ ಹಿಡಿಸುವುದಿಲ್ಲ. ಅದಕ್ಕೇ ನನ್ನ ಸಲಹೆ: ನೇರ ಗ್ಯೊಕುರೊಗೆ ಕೈ ಹಾಕಬೇಡಿ, ಮೊದಲು ಕಬುಸೆಚಾ ತನ್ನಿ. ಒಂದೆರಡು ವಾರ ಮಾತ್ರ ನೆರಳಲ್ಲಿಟ್ಟ ಎಲೆ ಅದು. ಮಿಯೆ ಪ್ರಾಂತ್ಯದಲ್ಲಿ ಜಾಸ್ತಿ ಬೆಳೆಯುತ್ತಾರೆ. 60 ಡಿಗ್ರಿ ನೀರಿನಲ್ಲಿ ಗ್ಯೊಕುರೊ ಕಡೆ ವಾಲುತ್ತದೆ, 75ರಲ್ಲಿ ಸೆಂಚಾ ಕಡೆ. ನೊರಿ ವಾಸನೆ ನಿಮಗೆ ಆಗುತ್ತದಾ ಇಲ್ಲವಾ ಎಂದು ಕಡಿಮೆ ದುಡ್ಡಿನಲ್ಲಿ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಹಬೆ ಎಷ್ಟು ಹೊತ್ತು?

ಸೆಂಚಾ ಕೊಳ್ಳುವವರು ಬೆಲೆಗಿಂತ ಮೊದಲು ನೋಡಬೇಕಾದ್ದು ಇದು. ಕೊಯ್ದ ಎಲೆ ಕಪ್ಪಾಗದಂತೆ ತಡೆಯಲು ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನಲ್ಲಿ ಹಬೆ ಕೊಡುತ್ತಾರೆ. ಹಬೆ ಕೊಟ್ಟು, ಉಜ್ಜಿ, ಒಣಗಿಸಿ ಸೂಜಿಯಂಥ ಎಲೆ ಮಾಡುವ ಪದ್ಧತಿಯನ್ನು ಉಜಿ ಸೀಮೆಯ ನಾಗಾತಾನಿ ಸೋಎನ್ 1738ರಲ್ಲಿ ರೂಪಿಸಿದರು ಎಂದು ಹೇಳುತ್ತಾರೆ.

ಹಬೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿದರೆ ಅಸಾಮುಶಿ. ಒಂದು ನಿಮಿಷ ದಾಟಿ ಎರಡರವರೆಗೆ ಹೋದರೆ ಫುಕಾಮುಶಿ. ಅಸಾಮುಶಿಯ ಎಲೆ ಉದ್ದ, ಇಡಿಯಾಗಿ, ಹೊಳಪಾಗಿರುತ್ತದೆ. ನೀರು ತಿಳಿಯಾಗಿ, ಹೊನ್ನಿನ ಹಳದಿ. ಪರಿಮಳ ಜಾಸ್ತಿ, ಮೈ ತೆಳು, ಒಗರು ಚೂಪು. ಫುಕಾಮುಶಿಯ ಎಲೆ ಹಬೆಗೆ ಮೆತ್ತಗಾಗಿ ಉಜ್ಜುವಾಗ ಪುಡಿಪುಡಿ ಆಗಿರುತ್ತದೆ. ಲೋಟದಲ್ಲಿ ನೀರು ಕದಡಿದ ಕಡು ಹಸಿರು. ಬೆಂದ ಹುರುಳಿಕಾಯಿ, ಎಳೆ ಬಟಾಣಿ ಕಡೆಯ ವಾಸನೆ. ಪರಿಮಳ ತಗ್ಗಿದೆ, ಒಗರು ದುಂಡಗಾಗಿದೆ, ಬಾಯಿ ತುಂಬುತ್ತದೆ. ಶಿಜುವೊಕಾದ ಮಾಕಿನೊಹಾರಾ ಬಯಲಿನಲ್ಲಿ ಬಿಸಿಲು ಜೋರು, ಎಲೆ ದಪ್ಪ, ಒಗರು ವಿಪರೀತ. ಅದನ್ನು ತಗ್ಗಿಸಲು ಅಲ್ಲಿನವರು ಹಬೆ ಹೆಚ್ಚಿಸಿದರು. ಫುಕಾಮುಶಿ ಹುಟ್ಟಿದ್ದು ಹೀಗೆ.

ಕಾಫಿ, ಹಾಲಿನ ಚಹಾ ಕುಡಿದು ಬೆಳೆದ ನಮ್ಮಂಥವರಿಗೆ ಫುಕಾಮುಶಿ ಬೇಗ ಒಗ್ಗುತ್ತದೆ ಅನ್ನುವುದು ನನ್ನ ಅನಿಸಿಕೆ. ಬಾಯಿಗೆ ಏನೋ ಸಿಕ್ಕಿತು ಅನಿಸುತ್ತದೆ. ಅಸಾಮುಶಿ ಕೊಟ್ಟರೆ "ಏನಿದು, ಬಿಸಿನೀರು?" ಅನ್ನುವವರೇ ಜಾಸ್ತಿ. ಆದರೆ ಗ್ರೀನ್ ಟೀ ಕುಡಿದು ಅಭ್ಯಾಸವಾದವರು ನಿಧಾನಕ್ಕೆ ಅಸಾಮುಶಿ ಕಡೆ ಹೋಗುವುದನ್ನೂ ನೋಡಿದ್ದೇನೆ. ಹೂವಿನ ಪರಿಮಳ, ಬೆಟ್ಟದ ತೋಟದ ಗುಣ ಇವೆಲ್ಲ ಅಲ್ಲಿ ಚೆನ್ನಾಗಿ ಕಾಣುತ್ತವೆ. ಒಂದು ಸಣ್ಣ ಎಚ್ಚರಿಕೆ: ಫುಕಾಮುಶಿಗೆ ಸಣ್ಣ ಕಣ್ಣಿನ ಸೋಸುಕ ಬೇಕು. ಅಡುಗೆಮನೆಯ ಮಾಮೂಲಿ ಚಹಾ ಸೋಸುಕದಲ್ಲಿ ಪುಡಿಯೆಲ್ಲ ಲೋಟಕ್ಕೆ ಇಳಿದು, ಕೊನೆಯ ಗುಟುಕು ಕಹಿಯಾಗುತ್ತದೆ.

ಹಬೆಯ ವಾಸನೆಯೇ ಬೇಡ ಅನ್ನುವವರಿಗೂ ಒಂದಿದೆ. ಕ್ಯೂಶೂ ದ್ವೀಪದ ಉರೆಶಿನೊ, ಮಿಯಾಝಾಕಿ ಕಡೆ ಇವತ್ತಿಗೂ ಬಾಣಲೆಯಲ್ಲಿ ಹುರಿದು ಕಮಾಇರಿಚಾ ಮಾಡುತ್ತಾರೆ. ಎಲೆ ಸುರುಳಿ, ಹಸಿ ವಾಸನೆ ಕಮ್ಮಿ, ಹುರಿದ ಘಮ ಹಿತವಾಗಿದೆ. ಹೊರಗೆ ಸಿಗುವುದು ಅಪರೂಪ.

ರುಚಿ ಹೇಳುವುದು ಹೇಗೆ

ಜಪಾನಿನ ಚಹಾ ವ್ಯಾಪಾರಿಗಳು ಎಲೆ ಪರೀಕ್ಷಿಸುವುದು ನೋಡಿದರೆ ಆಶ್ಚರ್ಯವಾಗುತ್ತದೆ. ನಮಗೆ 70 ಡಿಗ್ರಿ, 60 ಡಿಗ್ರಿ ಎಂದು ಹೇಳುವವರು ತಾವು ಮಾತ್ರ ಕುದಿಯುವ ನೀರನ್ನೇ ಸುರಿಯುತ್ತಾರೆ. ಬಿಳಿ ಬಟ್ಟಲಿಗೆ 3 ಗ್ರಾಂ ಎಲೆ, ಸುಮಾರು 200 ಮಿಲಿ ಕುದಿನೀರು. ಸಣ್ಣ ಜಾಲರಿಯಿಂದ ಎಲೆ ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ಆಮೇಲೆ ನೀರಿನ ಬಣ್ಣ, ಕೊನೆಗೆ ರುಚಿ. ಕುದಿನೀರಿನ ಮುಂದೆ ಎಲೆ ಏನನ್ನೂ ಮುಚ್ಚಿಡಲಾರದು. ಒಗರು, ಕಹಿ, ಹಳಸಿದ ವಾಸನೆ ಎಲ್ಲ ಹೊರಬರುತ್ತದೆ. ಎರಡು ಪ್ಯಾಕೆಟ್‌ನಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಬೇಕಿದ್ದರೆ ನೀವೂ ಹೀಗೇ ಮಾಡಿ. ಬಿಳಿ ಪಿಂಗಾಣಿ ಬಟ್ಟಲು ಎರಡು ಸಾಕು. ಕುಡಿಯಲು ಹಿತವಾಗಿರುವುದಿಲ್ಲ, ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ.

ಒಗರು ಮತ್ತು ಕಹಿಯನ್ನು ಬೇರೆ ಮಾಡಿ ಹೇಳುವುದನ್ನು ಮೊದಲು ರೂಢಿಸಿಕೊಳ್ಳಿ. ಒಗರು ಅರ್ಧ ರುಚಿ, ಅರ್ಧ ಸ್ಪರ್ಶ. ಕೆನ್ನೆಯ ಒಳಗೆ ಬಿಗಿಯುತ್ತದೆ, ನಾಲಿಗೆ ಒರಟಾಗುತ್ತದೆ, ಬಾಯಿ ಒಣಗುತ್ತದೆ. ಕಹಿಯಲ್ಲಿ ಈ ಬಿಗಿತ ಇಲ್ಲ. ಸೆಂಚಾದಲ್ಲಿ ಒಗರು ಬಂದು ಬೇಗ ಹೋಗಬೇಕು, ಅದರ ಹಿಂದೆಯೇ ಸಿಹಿ ಮರಳಬೇಕು. ಒಗರು ಹೋಗದೆ ಗಂಟಲಲ್ಲಿ ಕೂತರೆ ಒಂದೋ ಎಲೆ ಸಾಧಾರಣ, ಇಲ್ಲವೇ ನೀರು ತುಂಬಾ ಬಿಸಿ.

ವಾಸನೆಗೆ ನಾಲ್ಕು ಗುಂಪು ಸಾಕು: ಹಸಿರು, ಕಡಲು, ಹೂವು, ಹುರಿದದ್ದು. ಹಸಿರು ಅಂದರೆ ಕೊಯ್ದ ಹುಲ್ಲಿನದ್ದಾ ಬೆಂದ ಸೊಪ್ಪಿನದ್ದಾ ನೋಡಿಕೊಳ್ಳಿ. ಮೊದಲನೆಯದಾದರೆ ಹಬೆ ಕಡಿಮೆ, ಎರಡನೆಯದಾದರೆ ಜಾಸ್ತಿ. ಕಡಲಿನ ವಾಸನೆ ಇದ್ದರೆ ನೆರಳಿನ ಎಲೆ. ಹುರಿದ ಘಮ ಸೆಂಚಾದಲ್ಲೂ ಇರಬಹುದು. ಮಾರುವ ಮೊದಲು ಕೊನೆಯದಾಗಿ ಬಿಸಿ ಮಾಡುತ್ತಾರಲ್ಲ, ಅದನ್ನು ಜೋರಾಗಿ ಮಾಡಿದರೆ ಹಾಗಾಗುತ್ತದೆ. ಕೆಲವು ಅಂಗಡಿಗಳ ಶೈಲಿಯೇ ಅದು. ಟೋಕಿಯೊ ಪಕ್ಕದ ಸಾಯಾಮಾದ ಚಹಾ ಈ ಕೊನೆಯ ಬಿಸಿಗೇ ಹೆಸರುವಾಸಿ. ಈ ನಾಲ್ಕರಲ್ಲಿ ಯಾವುದೂ ಇಲ್ಲದೆ ಹಳೆ ಕಾಗದದಂಥ ವಾಸನೆ ಮಾತ್ರ ಬಂದರೆ ಪ್ಯಾಕೆಟ್ ಗೋದಾಮಿನಲ್ಲಿ ಕೂತು ಹಳತಾಗಿದೆ.

ಮನೆಯಲ್ಲಿ ನಾಲ್ಕು ಜನ ಸೇರಿದರೆ ಚಾಕಾಬುಕಿ ಆಡಬಹುದು. ಉಜಿ ಕಡೆ ಈಗಲೂ ನಡೆಯುವ ಹಳೆಯ ಆಟ ಇದು. ಐದು ಬಗೆ ಚಹಾಕ್ಕೆ ಹೂವು, ಹಕ್ಕಿ, ಗಾಳಿ, ಚಂದ್ರ, ಅತಿಥಿ ಎಂದು ಹೆಸರು. ಹೇಳದೆ ಕುಡಿಸುತ್ತಾರೆ, ಯಾವುದು ಯಾವುದೆಂದು ಊಹಿಸಬೇಕು. ಆಟದಲ್ಲಿ ಸೋಲುವುದು ಗ್ಯಾರಂಟಿ. ಆದರೆ ಲೇಬಲ್ ಕಾಣದಿದ್ದಾಗ ನಿಮಗೆ ನಿಜವಾಗಿ ಇಷ್ಟವಾಗುವುದು ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ.

ಹುರಿದವು

ಹೊಜಿಚಾ ಅಂದರೆ ಎಲೆ ಅಥವಾ ದಂಟನ್ನು ಕಂದು ಬಣ್ಣ ಬರುವವರೆಗೆ ಹುರಿದದ್ದು. 1920ರ ದಶಕದಲ್ಲಿ ಕ್ಯೋಟೋದಲ್ಲಿ ಶುರುವಾಯಿತು. ಹುರಿದ ಕಾಫಿ ಬೀಜ, ಹುರಿದ ಕಡಲೆಕಾಯಿ ಇವುಗಳಲ್ಲಿ ಘಮ ಕೊಡುವ ಪೈರಾಜಿನ್‌ಗಳೇ ಇಲ್ಲೂ ಇವೆ. ಒಗರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಫೀನ್ ಕೂಡ ಸಾಮಾನ್ಯವಾಗಿ ಕಮ್ಮಿ. ಕುದಿಯುವ ನೀರು ಹಾಕಿ ಅರ್ಧ ನಿಮಿಷ ಬಿಟ್ಟು ಸೋಸಿದರೆ ಆಯಿತು, ಕೆಡಿಸುವುದೇ ಕಷ್ಟ. ರಾತ್ರಿ ಊಟ ಆದಮೇಲೆ ಕುಡಿಯಲು ಇಡೀ ಪಟ್ಟಿಯಲ್ಲಿ ನನ್ನ ಆಯ್ಕೆ ಇದು. ದಂಟಿನದ್ದು ಬೇಕಾದರೆ ಕಾನಾಝಾವಾದ ಕಾಗಾ ಬೋಚಾ ಹುಡುಕಿ. ಎಲೆಯ ಹೊಜಿಚಾಕ್ಕಿಂತ ಸಿಹಿ, ಹಗುರ.

ಗೆನ್‌ಮೈಚಾದಲ್ಲಿ ಹುರಿದದ್ದು ಅಕ್ಕಿ. ಸೆಂಚಾ ಅಥವಾ ಬಾಂಚಾ (ಬಲಿತ ಎಲೆಯ ಸಾಧಾರಣ ಚಹಾ) ಜೊತೆ ಹೆಚ್ಚುಕಡಿಮೆ ಸಮಕ್ಕೆ ಬೆರೆಸುತ್ತಾರೆ. ಕೆಲವು ಕಾಳು ಅರಳಿನಂತೆ ಬಿರಿದಿರುತ್ತವೆ. ಅಕ್ಕಿ ಹುರಿದ ಘಮ ನಮಗೆ ಹೊಸದೇನಲ್ಲ. ಹಾಗಾಗಿ ಮನೆಯ ಹಿರಿಯರಿಗೆ ಕೊಟ್ಟು ನೋಡಲು ಇದೇ ಸುಲಭ. ಮಾಚಾ ಪುಡಿ ಬೆರೆಸಿದ ಗೆನ್‌ಮೈಚಾ ಕೂಡ ಸಿಗುತ್ತದೆ. ಬಣ್ಣ ಚೆನ್ನಾಗಿ ಬರುತ್ತದೆ, ರುಚಿಗೆ ಅಂಥ ಲಾಭವೇನಿಲ್ಲ.

ಕ್ಯೋಬಾಂಚಾ ವಿಷಯದಲ್ಲಿ ಹುಷಾರು. ಕ್ಯೋಟೋದ ಮನೆಗಳ ದಿನನಿತ್ಯದ ಚಹಾ ಅದು. ಬಲಿತ ದೊಡ್ಡ ಎಲೆಗಳನ್ನು ಉಜ್ಜದೆ ಒಣಗಿಸಿ ಜೋರಾಗಿ ಹುರಿದಿರುತ್ತಾರೆ. ಪ್ಯಾಕೆಟ್ ತೆರೆದರೆ ಒಣ ಎಲೆ ರಾಶಿಗೆ ಬೆಂಕಿ ಹಾಕಿದ ಹೊಗೆ. ಅಲ್ಲಿನವರಿಗೆ ಬಾಲ್ಯದ ವಾಸನೆ, ಹೊರಗಿನವರಿಗೆ ಸಿಗರೇಟ್ ವಾಸನೆ. ಯಾರಾದರೂ ಉಡುಗೊರೆ ಕೊಟ್ಟರೆ ಕುಡಿಯಿರಿ, ದುಡ್ಡು ಕೊಟ್ಟು ಇದರಿಂದಲೇ ಶುರು ಮಾಡುವುದು ಬೇಡ.

ಮಾಚಾ ಬಗ್ಗೆ ಸ್ವಲ್ಪ

ಮಾಚಾವನ್ನು ಇವುಗಳ ಸಾಲಿನಲ್ಲಿ ಇಟ್ಟು ಹೋಲಿಸುವುದೇ ಕಷ್ಟ. ಉಳಿದವುಗಳಲ್ಲಿ ಎಲೆ ಸೋಸಿ ನೀರು ಕುಡಿಯುತ್ತೇವೆ, ಇಲ್ಲಿ ಎಲೆಯನ್ನೇ ಕುಡಿಯುತ್ತೇವೆ. ನೆರಳಿನಲ್ಲಿ ಬೆಳೆದ ಎಲೆಯನ್ನು ಉಜ್ಜದೆ ಒಣಗಿಸಿ, ನಾರು ತೆಗೆದು, ಬೀಸುತ್ತಾರೆ. ಕಲ್ಲಿನಲ್ಲಿ ಬೀಸಿದರೆ ಗಂಟೆಗೆ 40 ಗ್ರಾಂ ಆಸುಪಾಸು ಅಷ್ಟೇ ಬರುತ್ತದೆ. ಪ್ಯಾಕೆಟ್ ಮೇಲಿನ "ಸೆರಿಮೋನಿಯಲ್ ಗ್ರೇಡ್" ಅನ್ನುವ ಮಾತಿಗೆ ಮರುಳಾಗಬೇಡಿ. ಜಪಾನಿನಲ್ಲಿ ಅಂಥ ಅಧಿಕೃತ ದರ್ಜೆ ಯಾವುದೂ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಪುಡಿಯ ಬಣ್ಣ ನೋಡಿ. ಹೊಳೆಯುವ ಹಸಿರಾದರೆ ಸರಿ, ಹಳದಿಗೆ ತಿರುಗಿದ್ದರೆ ಬೇಡ. ಹಾಲು ಸಕ್ಕರೆ ಹಾಕಿ ಕುಡಿಯುವವರು ದುಬಾರಿ ಮಾಚಾ ತರುವುದು ಸುಮ್ನೆ ದಂಡ. ಹಾಲಿನಲ್ಲಿ ಅದರ ಸೂಕ್ಷ್ಮವೆಲ್ಲ ಮುಳುಗಿಹೋಗುತ್ತದೆ. ಅಲ್ಲಿ ಸ್ವಲ್ಪ ಕಹಿ ಇರುವ ಅಗ್ಗದ್ದೇ ಕೆಲಸಕ್ಕೆ ಬರುತ್ತದೆ. 2024ರಿಂದೀಚೆಗೆ ಜಗತ್ತಿನಾದ್ಯಂತ ಬೇಡಿಕೆ ಏರಿ ಒಳ್ಳೆಯ ಮಾಚಾ ಸಿಗುವುದೂ ಕಷ್ಟವಾಗಿದೆ, ಬೆಲೆಯೂ ಏರಿದೆ. ಹೊಸಬರು ಸದ್ಯಕ್ಕೆ ಇದನ್ನು ಬದಿಗಿಟ್ಟರೆ ನಷ್ಟವಿಲ್ಲ.

ನೀರು, ಮತ್ತು ಮೊದಲ ಪ್ಯಾಕೆಟ್

ಜಪಾನಿನ ನೀರು ಬಹುಪಾಲು ಮೆದು. ಅಲ್ಲಿನ ಚಹಾ ಆ ನೀರಿಗೆ ಹೊಂದಿಕೊಂಡೇ ಬೆಳೆದಿದೆ. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಿನಲ್ಲಿ ಸೆಂಚಾದ ಬಣ್ಣ ಮಂಕಾಗುತ್ತದೆ, ರುಚಿ ಚಪ್ಪಟೆಯಾಗುತ್ತದೆ. ಮನೆಯಲ್ಲಿ ಆರ್‌ಒ ಇದ್ದರೆ ಆ ನೀರೇ ವಾಸಿ. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಲೋಟದಿಂದ ಲೋಟಕ್ಕೆ ಬಗ್ಗಿಸುತ್ತಾ ಹೋಗಿ, ಪ್ರತಿ ಸಲವೂ 5ರಿಂದ 10 ಡಿಗ್ರಿ ಇಳಿಯುತ್ತದೆ. ಕಾಫಿ ಆರಿಸುವವರಿಗೆ ಇದನ್ನು ಹೇಳಿಕೊಡಬೇಕಾ?

ಕೊಳ್ಳುವಾಗ 50 ಗ್ರಾಂ ಪ್ಯಾಕೆಟ್ ಸಾಕು, ದೊಡ್ಡದು ಬೇಡ. ತೆರೆದ ಮೇಲೆ ಒಂದು ತಿಂಗಳಲ್ಲಿ ಮುಗಿಸಿ. ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಬೇಗ. ಕೊಯ್ಲಿನ ವರ್ಷ ಬರೆದಿದೆಯಾ ನೋಡಿ. ಇಚಿಬಾಂಚಾ ಎಂದಿದ್ದರೆ ವಸಂತದ ಮೊದಲ ಕೊಯ್ಲು, ಥಿಯನೈನ್ ಜಾಸ್ತಿ ಇರುವುದು ಅದರಲ್ಲೇ. ಆಮೇಲಿನ ಕೊಯ್ಲುಗಳಲ್ಲಿ ಒಗರು ಏರುತ್ತದೆ. ಹೊಸ ಸೆಂಚಾ ಮೇ ತಿಂಗಳಲ್ಲಿ ಚೆನ್ನ. ಗ್ಯೊಕುರೊಗೆ ಅವಸರ ಬೇಡ, ಕೆಲವು ತಿಂಗಳು ಇಟ್ಟರೆ ಅದರ ಹಸಿತನ ಇಳಿದು ರುಚಿ ದುಂಡಗಾಗುತ್ತದೆ.

ಒಂದೇ ಪ್ಯಾಕೆಟ್ ತರುತ್ತೀರಿ ಅಂದರೆ ನಾನು ಹೇಳುವುದು ಫುಕಾಮುಶಿ ಸೆಂಚಾ. ಶಿಜುವೊಕಾದ್ದಾಗಲಿ ಕಾಗೊಶಿಮಾದ್ದಾಗಲಿ ಆದೀತು. 2024ರ ಉತ್ಪಾದನೆಯಲ್ಲಿ ಕಾಗೊಶಿಮಾ ಮೊದಲ ಬಾರಿಗೆ ಶಿಜುವೊಕಾವನ್ನು ಹಿಂದಿಕ್ಕಿತು, ಹಾಗಾಗಿ ಅಲ್ಲಿನದ್ದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಒಂದು ದಿನ 3 ಗ್ರಾಂ ಎಲೆಗೆ 70 ಡಿಗ್ರಿಯ ನೀರು 120 ಮಿಲಿ ಹಾಕಿ, ಮುಕ್ಕಾಲು ನಿಮಿಷ ಬಿಡಿ. ಇನ್ನೊಂದು ದಿನ ಅಷ್ಟೇ ಎಲೆಗೆ 90 ಡಿಗ್ರಿಯ ನೀರು. ಮೂರನೇ ಸಲ 10 ಗ್ರಾಂ ಎಲೆಯನ್ನು ಒಂದು ಲೀಟರ್ ತಣ್ಣೀರಿಗೆ ಹಾಕಿ ಫ್ರಿಜ್‌ನಲ್ಲಿ ಮೂರು ನಾಲ್ಕು ಗಂಟೆ ಇಡಿ. ತಣ್ಣೀರಿನಲ್ಲಿ ಒಗರಿನ ಕ್ಯಾಟೆಚಿನ್‌ಗಳೂ ಕೆಫೀನೂ ಕಡಿಮೆ ಇಳಿಯುತ್ತವೆ, ಥಿಯನೈನ್ ಮಾತ್ರ ಆರಾಮಾಗಿ ಇಳಿಯುತ್ತದೆ. ತಣ್ಣೀರಿನದ್ದೇ ಹಿಡಿಸಿತು ಅಂದರೆ ಮುಂದಿನ ಸಲ ಕಬುಸೆಚಾ, ಆಮೇಲೆ ಗ್ಯೊಕುರೊ. 90 ಡಿಗ್ರಿಯದ್ದು ಹಿಡಿಸಿದರೆ ಅಸಾಮುಶಿ ತನ್ನಿ, ಒಗರಿಗೆ ನೀವು ಹೆದರುವವರಲ್ಲ. ಮೂರೂ ಬೇಡ, ಹಸಿರು ವಾಸನೆಯೇ ಆಗದು ಅನಿಸಿದರೆ ಉಳಿದ ಎಲೆಯನ್ನು ಎಸೆಯಬೇಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಂದು ಬಣ್ಣಕ್ಕೆ ಬರುವವರೆಗೆ ಹುರಿದರೆ ಅದೇ ಹೊಜಿಚಾ. ಫುಕಾಮುಶಿಯ ಪುಡಿ ಬೇಗ ಸೀಯುತ್ತದೆ, ಹುರಿಯುವ ಮೊದಲು ಜರಡಿ ಹಿಡಿದು ಪುಡಿ ತೆಗೆದುಬಿಡಿ.